ಮಲೇರಿಯಾ ಮತ್ತು ರಾಷ್ಟ್ರಗಳ ಸಹಕಾರ: ಗೆದ್ದ ಮೇಲಿನ ಕರ್ತವ್ಯ

ಯುದ್ಧದಲ್ಲಿ ಸೋತವನು ಎಚ್ಚರದಿಂದ ಇರುತ್ತಾನೆ, ಮೈಮರೆಯುವವನು ಗೆದ್ದವನು. ಮಲೇರಿಯಾ ರೋಗದೊಡನೆ ಮಾನವಕುಲವು ನಡೆಸಿರುವ ಹೋರಾಟದ ಚರಿತ್ರೆಯನ್ನು ಅವಲೋಕಿಸಿದವರಿಗೆ ಈ ಮಾತು ಎಷ್ಟು ನಿಜವೆಂಬುದು ತಾನಾಗಿಯೇ ಮನದಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೩ನೆಯ ಇಸವಿಯೊಂದರಲ್ಲಿಯೇ ಪ್ರಪಂಚದ ಸುಮಾರು ೨೬ ಕೋಟಿ ಜನರು ಈ ಜ್ವರಕ್ಕೆ ತುತ್ತಾದರು. ಸುಮಾರು ೬ ಲಕ್ಷ ಮಂದಿ ಮಡಿದರು. ಮಡಿದವರಲ್ಲಿ ಬಹುಪಾಲು ಆಫ್ರಿಕಾ ಖಂಡದ, ಇನ್ನೂ ಐದು ವರ್ಷ ತುಂಬದ ಎಳೆಯ ಮಕ್ಕಳು. ರೋಗದ ಕಾರಣವು ತಿಳಿದು ನೂರಿಪ್ಪತ್ತೈದು ವರ್ಷಗಳು ಕಳೆದಿವೆ. ಗುಣಪಡಿಸುವ ಔಷಧವುಂಟು, ಸೊಳ್ಳೆಯನ್ನು ಕೊಲ್ಲುವ ಕೀಟನಾಶಕವುಂಟು, ಈಗ ಲಸಿಕೆಯೂ ಉಂಟು. ಇಷ್ಟೆಲ್ಲ ಇದ್ದೂ ಈ ಸಾವುಗಳು ಏಕೆ?

ತಿಳಿವಳಿಕೆಯ ಕೊರತೆಗಿಂತ ಹೆಚ್ಚಾಗಿ ಸಹಕಾರದ ಚಂಚಲತೆಯೇ ಇದಕ್ಕೆ ಕಾರಣವೆಂದು ನಾವು ತಿಳಿಯುತ್ತೇವೆ. ರೋಗವು ಹೆಚ್ಚಿದಾಗ ರಾಷ್ಟ್ರಗಳು ಒಂದುಗೂಡುತ್ತವೆ. ರೋಗವು ತಗ್ಗಿತೆಂದು ಕಂಡಕೂಡಲೆ ಚೆದುರಿಹೋಗುತ್ತವೆ. ಮಲೇರಿಯಾದ ವಿಷಯದಲ್ಲಿ ಅತ್ಯಂತ ಅಪಾಯಕರವಾದ ಗಳಿಗೆಯೆಂದರೆ ಜಯವು ಹತ್ತಿರ ಬಂದ ಗಳಿಗೆ. ಆಗ ಕೈಬಿಡದೆ ಇರುವುದೇ ನಿಜವಾದ ಸಹಕಾರ. ನಾವು ವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು. ಆದರೆ ಈ ಮಾತಿನ ಆಧಾರವು ಒಂದು ಸರಳವಾದ ಗಣಿತದಲ್ಲಿರುವುದರಿಂದ, ಅದನ್ನು ವಿದ್ಯಾರ್ಥಿಗಳ ಮುಂದಿಡುವುದು ನಮಗೆ ಹೊರತಾದ ಕೆಲಸವೆಂದು ತೋರುವುದಿಲ್ಲ.

ಮೊದಲಿಗೆ ಈ ಜ್ಞಾನವು ನಮಗೆ ಹೇಗೆ ದೊರೆಯಿತೆಂಬುದನ್ನು ನೋಡೋಣ. ೧೮೮೦ರಲ್ಲಿ ಫ್ರಾನ್ಸಿನ ಸೈನ್ಯದ ವೈದ್ಯನಾದ ಲಾವೆರಾನನು ಆಲ್ಜೀರಿಯಾದಲ್ಲಿ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತ ಮಲೇರಿಯಾದ ಪರೋಪಜೀವಿಯನ್ನು ಕಂಡನು. ೧೮೯೭ರ ಆಗಸ್ಟ್ ೨೦ರಂದು ಭಾರತದಲ್ಲಿಯೇ ಹುಟ್ಟಿದ ಆಂಗ್ಲ ವೈದ್ಯ ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಅದೇ ಜೀವಿಯನ್ನು ಸೊಳ್ಳೆಯ ಜಠರದ ಗೋಡೆಯಲ್ಲಿ ಕಂಡನು. ಮರುವರ್ಷ ಇಟಲಿಯ ಗ್ರಾಸಿ ಮತ್ತು ಅವನ ಸಂಗಡಿಗರು ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಜಾತಿಯ ಸೊಳ್ಳೆಯೆಂದು ಸ್ಥಾಪಿಸಿದರು. ಕ್ವಿನೈನಿನ ಮೂಲವಾದ ಸಿಂಕೋನಾ ಮರವು ದಕ್ಷಿಣ ಅಮೆರಿಕದ್ದು. ಡಿ.ಡಿ.ಟಿ.ಗೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆಯೆಂದು ೧೯೩೯ರಲ್ಲಿ ಕಂಡುಕೊಂಡವನು ಸ್ವಿಟ್ಸರ್ಲೆಂಡಿನ ಪಾಲ್ ಮುಲ್ಲರ್. ಯಾವ ಒಂದು ದೇಶವೂ ಮಲೇರಿಯಾವನ್ನು ತಾನೊಂದೇ ಅರಿತುಕೊಳ್ಳಲಿಲ್ಲ. ತಾನೊಂದೇ ಗೆಲ್ಲಲೂ ಆರದು.

ಈ ಸಹಕಾರದ ಫಲವನ್ನು ಕನ್ನಡನಾಡು ಸ್ವತಃ ಉಂಡಿದೆ. ಜ್ವರಗಡ್ಡೆಯಿಂದ ಹೊಟ್ಟೆಯುಬ್ಬಿದ ಮಕ್ಕಳು ಮಲೆನಾಡಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯ ದೃಶ್ಯವಾಗಿದ್ದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರು ೧೯೪೬ರ ಸುಮಾರಿಗೆ ಗ್ರಾಮಾಂತರ ಪ್ರದೇಶದ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಪ್ರಯೋಗವನ್ನು ನಡೆಸಿ, ಅದು ನಮ್ಮ ಹಳ್ಳಿಗಳಲ್ಲಿ ಸಾಧ್ಯವೆಂದು ತೋರಿಸಿಕೊಟ್ಟರು. ೧೯೪೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸಂಸ್ಥೆಗಳು ಭಾರತದ ಕೆಲವೇ ಪ್ರದೇಶಗಳನ್ನು ಆರಿಸಿ ಪ್ರಾತ್ಯಕ್ಷಿಕೆಗಾಗಿ ತಜ್ಞರ ತಂಡಗಳನ್ನು ಕಳುಹಿಸಿದಾಗ, ಅವುಗಳಲ್ಲಿ ಮೈಸೂರು ಸಂಸ್ಥಾನದ ಮಲೆನಾಡೂ ಒಂದಾಗಿತ್ತು. ಸ್ವಾತಂತ್ರ್ಯ ಬಂದ ವರ್ಷದಲ್ಲಿ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆಯು ಆರಂಭವಾಯಿತು; ಡಿ.ಡಿ.ಟಿ.ಯೂ ಸಿಂಪಡಿಸುವ ಸಾಧನಗಳೂ ಹೊರದೇಶಗಳ ನೆರವಿನಿಂದ ಬಂದವು. ೧೯೬೦ರ ದಶಕದ ಮೊದಲಲ್ಲಿ ರೋಗಿಗಳ ಸಂಖ್ಯೆಯು ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು.

ಗೋಡೆಗೆ ಸಿಂಪಡಿಸಿದ ಪುಡಿಯೊಂದು ಇಷ್ಟು ದೊಡ್ಡ ಕೆಲಸವನ್ನು ಮಾಡಿದುದು ಹೇಗೆ? ರಕ್ತವನ್ನು ಹೀರಿ ಭಾರವಾದ ಸೊಳ್ಳೆಯು ಸಮೀಪದ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತದೆ. ಅದು ಹೀರಿದ ರಕ್ತದಲ್ಲಿ ಪರೋಪಜೀವಿಯಿದ್ದರೂ ಆ ಸೊಳ್ಳೆಯು ಒಡನೆಯೇ ಇನ್ನೊಬ್ಬರಿಗೆ ರೋಗವನ್ನು ತಗಲಿಸಲಾರದು. ಪರೋಪಜೀವಿಯು ಅದರ ದೇಹದಲ್ಲಿ ಬೆಳೆದು ಜೊಲ್ಲಿನ ಗ್ರಂಥಿಯನ್ನು ಸೇರಲು ಸುಮಾರು ಹತ್ತು ದಿನಗಳು, ಕೆಲವು ವೇಳೆ ಅದಕ್ಕೂ ಹೆಚ್ಚು ಬೇಕು. ಅಷ್ಟು ದಿನ ಬದುಕಿದ ಸೊಳ್ಳೆ ಮಾತ್ರವೇ ಅಪಾಯಕಾರಿ.

ಈಗ ಲೆಕ್ಕ ಹಾಕೋಣ. ದಿನವೊಂದಕ್ಕೆ ನೂರರಲ್ಲಿ ೯೦ ಸೊಳ್ಳೆಗಳು ಬದುಕುಳಿಯುವುದಾದರೆ, ಹತ್ತು ದಿನಗಳ ಕೊನೆಗೆ ಉಳಿಯುವುವು ನೂರಕ್ಕೆ ಸುಮಾರು ೩೫. ದಿನಕ್ಕೆ ೮೦ ಬದುಕಿದರೆ, ಹತ್ತು ದಿನಗಳ ಮೇಲೆ ಸುಮಾರು ೧೧. ದಿನಕ್ಕೆ ೬೦ ಬದುಕಿದರೆ, ಹತ್ತು ದಿನಗಳ ಮೇಲೆ ಒಂದೂ ಉಳಿಯುವುದು ಕಷ್ಟ. ಸೊಳ್ಳೆಯ ಆಯುಷ್ಯವನ್ನು ಸ್ವಲ್ಪ ಮೊಟಕುಗೊಳಿಸಿದರೂ ರೋಗದ ಪ್ರಸಾರವು ಬಹಳವಾಗಿ ಕುಗ್ಗುತ್ತದೆ. ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕೆಂದು ಗಣಿತದ ಮೂಲಕ ಮೊದಲು ತೋರಿಸಿದವನು ರಾಸ್. ಸೊಳ್ಳೆಯ ಆಯುಷ್ಯಕ್ಕೆ ಇರುವ ಈ ಮಹತ್ತ್ವವನ್ನು ೧೯೫೦ರ ದಶಕದಲ್ಲಿ ಸ್ಪಷ್ಟಪಡಿಸಿದವನು ಇಂಗ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್.

ಆ ಮಿತಿಯೆಂದರೇನು? ಪರಮಾಣು ರಿಯಾಕ್ಟರಿನ ಸರಪಣಿ ಕ್ರಿಯೆಯನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಒಂದು ನ್ಯೂಟ್ರಾನಿನಿಂದ ಸರಾಸರಿ ಒಂದಕ್ಕಿಂತ ಹೆಚ್ಚು ನ್ಯೂಟ್ರಾನುಗಳು ಮುಂದಿನ ವಿದಳನಕ್ಕೆ ಒದಗಿದರೆ ಕ್ರಿಯೆಯು ಬೆಳೆಯುತ್ತದೆ. ಕಡಿಮೆ ಒದಗಿದರೆ ಆರಿಹೋಗುತ್ತದೆ. ಮಲೇರಿಯಾವೂ ಹಾಗೆಯೇ. ಒಬ್ಬ ರೋಗಿಯಿಂದ ಸೊಳ್ಳೆಯ ಮೂಲಕ ಸರಾಸರಿ ಒಬ್ಬರಿಗಿಂತ ಹೆಚ್ಚು ಜನರಿಗೆ ರೋಗವು ಹರಡಿದರೆ ಪಿಡುಗು ಬೆಳೆಯುತ್ತದೆ. ಕಡಿಮೆ ಜನರಿಗೆ ಹರಡಿದರೆ ನಶಿಸುತ್ತದೆ. ಸಿಂಪರಣೆ, ಸೊಳ್ಳೆಪರದೆ, ಔಷಧ ಇವೆಲ್ಲವೂ ರಿಯಾಕ್ಟರಿನ ನಿಯಂತ್ರಕ ಸರಳುಗಳಿದ್ದಂತೆ. ಸರಳುಗಳು ಒಳಗಿರುವ ತನಕ ಕ್ರಿಯೆಯು ಅಡಗಿರುತ್ತದೆ. ಅದು ಅಡಗಿತೆಂಬ ಕಾರಣದಿಂದ ಸರಳುಗಳನ್ನು ಹೊರಗೆಳೆದರೆ ಏನಾಗುವುದೆಂದು ಯಾವ ವಿದ್ಯಾರ್ಥಿಯೂ ಹೇಳಬಲ್ಲನು. ಆದರೆ ಮಲೇರಿಯಾದ ವಿಷಯದಲ್ಲಿ ಪ್ರಪಂಚದ ಸರಕಾರಗಳು ಮತ್ತೆ ಮತ್ತೆ ಮಾಡಿರುವುದು ಇದನ್ನೇ.

ನಮ್ಮ ನೆರೆಯ ಶ್ರೀಲಂಕೆಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ೧೯೩೪-೩೫ರಲ್ಲಿ ಅಲ್ಲಿ ಸಂಭವಿಸಿದ ಮಹಾಪಿಡುಗಿನಲ್ಲಿ ಸುಮಾರು ೮೦ ಸಾವಿರ ಜನರು ಸತ್ತರು. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಡಿ.ಡಿ.ಟಿ. ಸಿಂಪರಣೆಯು ಮೊದಲಾಗಿ, ೧೯೬೩ರ ವೇಳೆಗೆ ಇಡೀ ದ್ವೀಪದಲ್ಲಿ ಆ ವರ್ಷ ಕಂಡುಬಂದ ರೋಗಿಗಳು ಹದಿನೇಳೇ ಮಂದಿ. ಜಯವಾಯಿತೆಂದು ಎಲ್ಲರೂ ಭಾವಿಸಿದರು. ಸಿಂಪರಣೆಯನ್ನು ನಿಲ್ಲಿಸಲಾಯಿತು, ಕಾವಲು ಸಡಿಲವಾಯಿತು. ೧೯೬೯ರಲ್ಲಿ ರೋಗಿಗಳ ಸಂಖ್ಯೆಯು ಐದು ಲಕ್ಷವನ್ನು ದಾಟಿತ್ತು. ಹದಿನೇಳನ್ನು ಹದಿನೈದು ಬಾರಿ ಇಮ್ಮಡಿಗೊಳಿಸಿ ನೋಡಿರಿ: ೫,೫೭,೦೫೬ ಬರುತ್ತದೆ. ಆರು ವರ್ಷಗಳಲ್ಲಿ ಹದಿನೈದು ಸಲ ಇಮ್ಮಡಿಯಾಗಲು ಪ್ರತಿಯೊಂದು ಸಲಕ್ಕೂ ಸುಮಾರು ಐದು ತಿಂಗಳು ದೊರೆಯುತ್ತದೆ. ವಾಸ್ತವದಲ್ಲಿ ಮಳೆ, ಜನರ ಓಡಾಟ, ಸೊಳ್ಳೆಗಳು ಗಳಿಸಿಕೊಂಡ ನಿರೋಧಶಕ್ತಿ ಇವೆಲ್ಲವೂ ಸೇರಿಕೊಳ್ಳುವುದರಿಂದ ವೃದ್ಧಿಯು ಇಷ್ಟು ಕ್ರಮಬದ್ಧವಾಗಿ ನಡೆಯುವುದಿಲ್ಲ. ಆದರೆ ಹದಿನೇಳು ಎಂಬ ಅಂಕಿಯು ಸೊನ್ನೆಗೆ ಸಮೀಪವೆಂದು ಭಾವಿಸುವುದು ಎಂತಹ ಭ್ರಮೆಯೆಂಬುದನ್ನು ಈ ಲೆಕ್ಕವು ತೋರಿಸುತ್ತದೆ. ಭಾರತದಲ್ಲಿಯೂ ಇದೇ ನಡೆಯಿತು. ಲಕ್ಷದ ಆಸುಪಾಸಿಗೆ ಇಳಿದಿದ್ದ ಸಂಖ್ಯೆಯು ೧೯೭೬ರಲ್ಲಿ ೬೪ ಲಕ್ಷಕ್ಕೆ ಏರಿತು.

ಇದು ಎರಡು ದೇಶಗಳ ಅನುಭವ ಮಾತ್ರವಲ್ಲ. ೧೯೫೫ರಲ್ಲಿ ಮೆಕ್ಸಿಕೋ ನಗರದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆಯು ಪ್ರಪಂಚದಿಂದ ಮಲೇರಿಯಾವನ್ನು ನಿರ್ಮೂಲ ಮಾಡುವ ಮಹಾಯೋಜನೆಯನ್ನು ಅಂಗೀಕರಿಸಿತು. ಯೂರೋಪು ಮೊದಲಾದ ಕಡೆ ಅದು ಸಫಲವಾಯಿತು. ಲಕ್ಷಾಂತರ ಪ್ರಾಣಗಳು ಉಳಿದವು. ಆದರೆ ಅದನ್ನು ನಿಗದಿಯಾದ ಕೆಲವು ವರ್ಷಗಳಲ್ಲಿ ಮುಗಿಯುವ ದಂಡಯಾತ್ರೆಯೆಂದು ಕಲ್ಪಿಸಲಾಗಿತ್ತು. ರೋಗದ ಹೊರೆ ಅತ್ಯಧಿಕವಾಗಿದ್ದ ಸಹರಾ ಮರುಭೂಮಿಯ ದಕ್ಷಿಣದ ಆಫ್ರಿಕಾ ಬಹುಮಟ್ಟಿಗೆ ಅದರ ಹೊರಗೇ ಉಳಿಯಿತು. ಕಾಲ ಕಳೆದಂತೆ ದಾನಿ ರಾಷ್ಟ್ರಗಳ ಉತ್ಸಾಹವು ಕುಂದಿತು. ೧೯೬೯ರಲ್ಲಿ ಆ ಗುರಿಯನ್ನು ಕೈಬಿಡಲಾಯಿತು. ೧೯೩೦ರ ದಶಕದಿಂದ ಈಚೆಗೆ ೬೧ ದೇಶಗಳಲ್ಲಿ ಮಲೇರಿಯಾ ಮರುಕಳಿಸಿದ ೭೫ ಸಂದರ್ಭಗಳನ್ನು ಪರಿಶೀಲಿಸಿದ ಸಮೀಕ್ಷೆಯೊಂದು ೨೦೧೨ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ೬೮ ಸಂದರ್ಭಗಳಲ್ಲಿ, ನಿಯಂತ್ರಣದ ಕೆಲಸವು ಸಡಿಲವಾದುದು ಪೂರ್ಣವಾಗಿಯೋ ಭಾಗಶಃವೋ ಕಾರಣವಾಗಿತ್ತು. ಸೊಳ್ಳೆಯ ಬಲಕ್ಕಿಂತ ನಮ್ಮ ದಣಿವೇ ರೋಗಕ್ಕೆ ಹೆಚ್ಚು ನೆರವಾಗಿದೆ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯುಂಟು. ಪ್ರತಿಯೊಂದು ದೇಶವೂ ತನ್ನ ಮನೆಯನ್ನು ತಾನು ನೋಡಿಕೊಂಡರೆ ಸಾಲದೆ? ತನ್ನಲ್ಲಿಯೇ ನೂರು ಕೊರತೆಗಳಿರುವಾಗ ದೂರದ ಆಫ್ರಿಕಾದ ಜ್ವರಕ್ಕಾಗಿ ಭಾರತವು ಏಕೆ ವೆಚ್ಚ ಮಾಡಬೇಕು? ಪ್ರಶ್ನೆಯು ಅಸಹಜವಾದುದಲ್ಲ. ಅದಕ್ಕೆ ಉತ್ತರವನ್ನು ಸೊಳ್ಳೆಯೂ ಪರೋಪಜೀವಿಯೂ ತಾವೇ ಕೊಟ್ಟಿವೆ.

ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯು ನಮ್ಮ ಪಟ್ಟಣಗಳ ಹಳೆಯ ನಿವಾಸಿ. ಮನೆಯ ಮೇಲಿನ ನೀರಿನ ತೊಟ್ಟಿ, ಕಟ್ಟಡ ಕಟ್ಟುವಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಬಾವಿ ಇವೇ ಅದರ ತೌರು. ಮಂಗಳೂರಿನಲ್ಲಿ ೧೯೯೦ರ ದಶಕದಿಂದ ಬಹುಕಾಲ ಜನರನ್ನು ಕಾಡಿದ ಮಲೇರಿಯಾಕ್ಕೆ ವಾಹಕವಾದುದು ಇದೇ ಸೊಳ್ಳೆ. ಹಿಂದೆ ಇದು ಆಫ್ರಿಕಾದಲ್ಲಿ ಕಂಡುಬಂದಿರಲಿಲ್ಲ. ೨೦೧೨ರಲ್ಲಿ ಜಿಬೂತಿ ಎಂಬ ಪುಟ್ಟ ದೇಶದಲ್ಲಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ ವರದಿಯಾದ ರೋಗಿಗಳು ೨೭ ಮಂದಿ. ೨೦೨೦ರಲ್ಲಿ ೭೩ ಸಾವಿರಕ್ಕೂ ಹೆಚ್ಚು. ಇಂದು ಅದು ಇಥಿಯೋಪಿಯಾ, ಸೂಡಾನ್, ಕೀನ್ಯಾ, ನೈಜೀರಿಯಾಗಳನ್ನು ಸಹ ತಲುಪಿದೆ. ಆಫ್ರಿಕಾದಲ್ಲಿ ಮಲೇರಿಯಾ ಮುಖ್ಯವಾಗಿ ಹಳ್ಳಿಯ ರೋಗವಾಗಿತ್ತು. ಪಟ್ಟಣದ ತೊಟ್ಟಿಗಳಲ್ಲಿ ಬೆಳೆಯುವ ಸೊಳ್ಳೆಯನ್ನು ಎದುರಿಸಿದ ಅನುಭವವು ಅಲ್ಲಿನ ನಗರಸಭೆಗಳಿಗೆ ಇಲ್ಲ. ಆ ಅನುಭವವು ನಮಗುಂಟು. ತೊಟ್ಟಿಗಳಿಗೆ ಮುಚ್ಚಳ ಹಾಕಿಸುವುದು, ಮನೆಮನೆಗೆ ಹೋಗಿ ಮರಿಹುಳುಗಳನ್ನು ಹುಡುಕುವುದು, ಬಾವಿಗಳಿಗೆ ಗಪ್ಪಿ ಮೀನುಗಳನ್ನು ಬಿಡುವುದು ನಮ್ಮ ಆರೋಗ್ಯ ಕಾರ್ಯಕರ್ತರಿಗೆ ಪರಿಚಿತವಾದ ಕೆಲಸಗಳು. ೧೯೪೯ರಲ್ಲಿ ತಜ್ಞರು ಮಲೆನಾಡಿಗೆ ಬಂದಂತೆ ಇಂದು ಮಂಗಳೂರಿನ ಅನುಭವವು ಜಿಬೂತಿಗೆ ಹೋಗಬೇಕಾಗಿದೆ.

ಪರೋಪಜೀವಿಯ ಉತ್ತರವು ಇನ್ನೂ ಕಠೋರವಾದುದು. ಕ್ಲೋರೊಕ್ವಿನ್ ಎಂಬ ಅಗ್ಗದ ಔಷಧಕ್ಕೆ ಬಗ್ಗದ ಪರೋಪಜೀವಿಯು ೧೯೫೦ರ ದಶಕದ ಕೊನೆಯಲ್ಲಿ ಥಾಯ್‌ಲೆಂಡ್ ಮತ್ತು ಕಾಂಬೋಡಿಯಾಗಳ ಗಡಿಯಲ್ಲಿ ತಲೆದೋರಿತು. ೧೯೭೦ರ ದಶಕದ ಕೊನೆಗೆ ಅಂತಹ ಪರೋಪಜೀವಿಯು ಪೂರ್ವ ಆಫ್ರಿಕಾವನ್ನು ಮುಟ್ಟಿತು. ಮುಂದೆ ಅಸಂಖ್ಯ ಮಕ್ಕಳು ಅದಕ್ಕೆ ಬಲಿಯಾದರು. ಇಂದಿನ ಮುಖ್ಯ ಔಷಧವಾದ ಆರ್ಟೆಮಿಸಿನಿನ್ನಿಗೂ ಭಾಗಶಃ ನಿರೋಧವು ಮೊದಲು ಕಾಂಬೋಡಿಯಾದ ಪಶ್ಚಿಮದಲ್ಲಿ ಕಂಡು, ಈಚೆಗೆ ಆಫ್ರಿಕಾದ ರುವಾಂಡಾ, ಉಗಾಂಡಾಗಳಲ್ಲಿಯೂ ಬೇರೆಯಾಗಿ ಹುಟ್ಟಿಕೊಂಡಿದೆ. ಒಂದು ದೇಶದ ಮೂಲೆಯಲ್ಲಿ ಅರ್ಧಕ್ಕೆ ನಿಂತ ಚಿಕಿತ್ಸೆಯು ಇನ್ನೊಂದು ಖಂಡದ ಮಗುವಿಗೆ ಔಷಧವಿಲ್ಲದಂತೆ ಮಾಡಬಲ್ಲದು. ಇಂತಹ ರೋಗದ ಮುಂದೆ ತನ್ನ ಮನೆಯೆಂಬುದಕ್ಕೆ ಗೋಡೆಯೆಲ್ಲಿ?

ಆರ್ಟೆಮಿಸಿನಿನ್ನಿನ ಕಥೆಯಲ್ಲಿ ಸಹಕಾರವಿಲ್ಲದಿದ್ದರೆ ತೆರಬೇಕಾದ ಬೆಲೆಯ ಪಾಠವೂ ಇದೆ. ವಿಯೆಟ್ನಾಮಿನ ಯುದ್ಧದಲ್ಲಿ ಹೋರಾಡುತ್ತಿದ್ದ ಸೈನಿಕರಿಗೆ ಔಷಧವನ್ನು ಹುಡುಕಲೆಂದು ಚೀನಾ ದೇಶವು ೧೯೬೭ರಲ್ಲಿ ‘ಯೋಜನೆ ೫೨೩’ ಎಂಬ ರಹಸ್ಯ ಸಂಶೋಧನೆಯನ್ನು ಆರಂಭಿಸಿತು. ಟು ಯೂಯೂ ಎಂಬ ವಿಜ್ಞಾನಿಯ ತಂಡವು ಪ್ರಾಚೀನ ವೈದ್ಯಗ್ರಂಥದ ಸೂಚನೆಯನ್ನು ಅನುಸರಿಸಿ, ೧೯೭೨ರಲ್ಲಿ ಒಂದು ಮೂಲಿಕೆಯಿಂದ ಆ ಔಷಧವನ್ನು ಬೇರ್ಪಡಿಸಿತು. ಆದರೆ ಅದನ್ನೊಳಗೊಂಡ ಸಂಯುಕ್ತ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದುದು ೨೦೦೧ರಲ್ಲಿ. ನಡುವಿನ ಸುಮಾರು ಮೂವತ್ತು ವರ್ಷಗಳ ವಿಳಂಬಕ್ಕೆ ಕಾರಣಗಳು ಹಲವು. ರಾಷ್ಟ್ರಗಳ ನಡುವಣ ಗುಟ್ಟು ಮತ್ತು ಅಪನಂಬಿಕೆ ಅವುಗಳಲ್ಲಿ ಪ್ರಮುಖವಾದುವು. ಇದಕ್ಕೆ ಪ್ರತಿಯಾಗಿ ಆರ್-೨೧ ಎಂಬ ಲಸಿಕೆಯನ್ನು ನೋಡಿರಿ. ಅದನ್ನು ರೂಪಿಸಿದುದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ. ಪರೀಕ್ಷೆಗಳು ನಡೆದುದು ಬುರ್ಕಿನಾ ಫಾಸೊ, ಮಾಲಿ, ಕೀನ್ಯಾ, ಟಾನ್ಜೇನಿಯಾಗಳಲ್ಲಿ. ತಯಾರಾಗುವುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಲ್ಲಿ. ೨೦೨೩ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಶಿಫಾರಸು ಮಾಡಿತು. ಮರುವರ್ಷವೇ ಆಫ್ರಿಕಾದ ಮಕ್ಕಳಿಗೆ ಅದನ್ನು ಕೊಡತೊಡಗಿದರು.

ಸಹಕಾರವು ಯುದ್ಧದ ನಡುವೆಯೂ ಸಾಧ್ಯವೆಂಬುದನ್ನು ಮತ್ತೆ ಶ್ರೀಲಂಕೆಯೇ ತೋರಿಸಿದೆ. ೧೯೮೩ರಿಂದ ೨೦೦೯ರ ತನಕ ಅಲ್ಲಿ ಅಂತರ್ಯುದ್ಧವು ನಡೆಯಿತು. ಆದರೂ ಮಲೇರಿಯಾ ಕಾರ್ಯಕರ್ತರ ಕೆಲಸವು ಪೂರ್ತಿಯಾಗಿ ನಿಲ್ಲಲಿಲ್ಲ. ಹೋರಾಟದ ಪ್ರದೇಶಗಳಿಗೂ ಸೊಳ್ಳೆಪರದೆ ಮತ್ತು ಔಷಧಗಳು ತಲುಪುತ್ತಿದ್ದವು. ಆ ನೆಲದಲ್ಲಿಯೇ ತಗಲಿದ ಕೊನೆಯ ಮಲೇರಿಯಾ ೨೦೧೨ರಲ್ಲಿ ವರದಿಯಾಯಿತು; ೨೦೧೬ರಲ್ಲಿ ಶ್ರೀಲಂಕೆಯು ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಮಾಣೀಕರಿಸಿತು. ಈ ಸಲ ಆ ದೇಶವು ೧೯೬೩ರಂತೆ ಮೈಮರೆಯಲಿಲ್ಲ. ೨೦೧೮ರ ಕೊನೆಗೆ ಹೊರದೇಶದಿಂದ ಬಂದವನೊಬ್ಬನಿಂದ ಸ್ಥಳೀಯನಿಗೆ ರೋಗವು ತಗಲಿದಾಗ ಅದನ್ನು ಒಡನೆ ಪತ್ತೆಮಾಡಿ ಅಲ್ಲಿಯೇ ತಡೆದರು. ರೋಗವಿಲ್ಲದಿದ್ದರೂ ಪ್ರಯೋಗಶಾಲೆಗಳನ್ನು ತೆರೆದಿಟ್ಟಿದ್ದುದರ ಫಲ ಇದು.

ಈ ಹಿನ್ನೆಲೆಯಲ್ಲಿ ಇಂದಿನ ಸ್ಥಿತಿಯನ್ನು ನೋಡಿದರೆ ಕಳವಳವಾಗುತ್ತದೆ. ೨೦೦೦ದಿಂದ ೨೦೧೫ರವರೆಗೆ, ಮುಖ್ಯವಾಗಿ ೨೦೦೨ರಲ್ಲಿ ಸ್ಥಾಪಿತವಾದ ಜಾಗತಿಕ ನಿಧಿಯ ಮತ್ತು ಧನಿಕ ರಾಷ್ಟ್ರಗಳ ನೆರವಿನಿಂದ, ಪ್ರಪಂಚದಲ್ಲಿ ಮಲೇರಿಯಾದ ಸಾವಿನ ಪ್ರಮಾಣವು ಸುಮಾರು ಅರ್ಧಕ್ಕೆ ಇಳಿಯಿತು. ಅನಂತರ ಆ ಇಳಿಕೆಯು ನಿಂತಂತಾಗಿದೆ. ೨೦೨೫ರ ಜನವರಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ವಿಶ್ವ ಆರೋಗ್ಯ ಸಂಸ್ಥೆಯನ್ನು ತೊರೆಯುವುದಾಗಿ ಘೋಷಿಸಿ, ವಿದೇಶೀ ನೆರವನ್ನು ತಡೆಹಿಡಿಯಿತು. ಸರಳುಗಳನ್ನು ಹೊರಗೆಳೆಯುವ ಕೈ ಮತ್ತೆ ಕಾಣಿಸುತ್ತಿದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಮಲೇರಿಯಾಕ್ಕೆ ಕೊಡುವ ಅಂತರರಾಷ್ಟ್ರೀಯ ಧನಸಹಾಯವನ್ನು ರೋಗಿಗಳ ಸಂಖ್ಯೆಯಿಂದ ಮಾತ್ರ ಅಳೆಯಬಾರದು. ರೋಗಿಗಳು ಕಡಿಮೆಯಾದಂತೆ ಹಣವನ್ನು ಕಡಿಮೆ ಮಾಡುವುದು ಲೆಕ್ಕಪತ್ರದ ದೃಷ್ಟಿಗೆ ಸರಿಯಾಗಿ ಕಂಡರೂ ಸರಪಣಿ ಕ್ರಿಯೆಯ ನಿಯಮಕ್ಕೆ ವಿರುದ್ಧವಾದುದು. ಕೊನೆಯ ರೋಗಿ ಗುಣವಾದ ಮೇಲೆಯೂ ಹಲವು ವರ್ಷಗಳ ಕಾವಲಿಗೆ ಬೇಕಾದ ನಿಧಿಯನ್ನು ಮೊದಲೇ ಕಾದಿರಿಸಬೇಕು. ಎರಡನೆಯದಾಗಿ, ಒಂದೆರಡು ಧನಿಕ ರಾಷ್ಟ್ರಗಳ ಔದಾರ್ಯವನ್ನೇ ನೆಚ್ಚಿ ಇಡೀ ಪ್ರಪಂಚದ ಆರೋಗ್ಯವು ನಿಂತಿರುವುದು ತಪ್ಪಬೇಕು. ಅವರ ರಾಜಕೀಯವು ಬದಲಾದ ದಿನ ಸಾವಿರಾರು ಮೈಲಿಗಳಾಚೆಯ ಮಗುವಿನ ಸೊಳ್ಳೆಪರದೆ ಇಲ್ಲವಾಗಬಾರದು. ಮೂರನೆಯದಾಗಿ, ಭಾರತವು ತನ್ನ ಸ್ಥಾನವನ್ನು ಅರಿತುಕೊಳ್ಳಬೇಕು. ಒಂದು ಕಾಲಕ್ಕೆ ಪಡೆದವರಾಗಿದ್ದ ನಾವು ಇಂದು ಕೊಡಬಲ್ಲವರಾಗಿದ್ದೇವೆ. ಲಸಿಕೆಯನ್ನು ಮಾರುವುದರ ಜೊತೆಗೆ, ನಮ್ಮ ಅನುಭವವನ್ನೂ ತಜ್ಞರನ್ನೂ ತಕ್ಕಮಟ್ಟಿನ ಧನವನ್ನೂ ಈ ಕಾರ್ಯಕ್ಕೆ ನಿಯಮಿತವಾಗಿ ಒದಗಿಸುವುದು ೧೯೪೯ರ ಋಣವನ್ನು ತೀರಿಸುವ ಕ್ರಮವೂ ಆಗುತ್ತದೆ.

ಭಾರತದ ಈ ಪಾತ್ರವನ್ನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ೨೦೨೪ರಲ್ಲಿ ನಮ್ಮ ದೇಶವು ಮಲೇರಿಯಾದ ಅತಿ ಹೆಚ್ಚು ಹೊರೆಯುಳ್ಳ ರಾಷ್ಟ್ರಗಳ ಪಟ್ಟಿಯಿಂದ ಹೊರಬಂದಿತು. ೨೦೩೦ರ ವೇಳೆಗೆ ರೋಗವನ್ನು ನಿರ್ಮೂಲ ಮಾಡುವ ಗುರಿಯನ್ನು ಇಟ್ಟುಕೊಂಡಿದೆ. ಇದು ಸಂತೋಷದ ಸಂಗತಿ. ಜೊತೆಗೆ, ನಾವು ೧೯೬೩ರ ಶ್ರೀಲಂಕೆಯು ನಿಂತಿದ್ದ ಕವಲುದಾರಿಯನ್ನು ಸಮೀಪಿಸುತ್ತಿದ್ದೇವೆ ಎಂಬುದರ ಸೂಚನೆಯೂ ಹೌದು. ಜಿಲ್ಲೆಯೊಂದರಲ್ಲಿ ಮಲೇರಿಯಾ ರೋಗಿಗಳು ಬೆರಳೆಣಿಕೆಗೆ ಇಳಿದಾಗ, ರಕ್ತಪರೀಕ್ಷೆ ಮಾಡುವ ಹುದ್ದೆಯನ್ನು ಏಕೆ ತುಂಬಬೇಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಅಂತಹ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಇಂದು ಈ ಪುಟಗಳನ್ನು ಓದುತ್ತಿರುವ ವಿದ್ಯಾರ್ಥಿಗಳು. ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ, ಎಲ್ಲರೂ ಮತದಾರರಾಗುವಿರಿ. ರೋಗವಿಲ್ಲದ ಕಡೆ ವೆಚ್ಚವೇಕೆಂಬ ಮಾತು ನಿಮ್ಮ ಮುಂದೆ ಬಂದಾಗ ಒಂದು ಕಾಗದವನ್ನು ತೆಗೆದುಕೊಂಡು, ಹದಿನೇಳನ್ನು ಹದಿನೈದು ಸಲ ಇಮ್ಮಡಿಗೊಳಿಸಿ ತೋರಿಸಿರಿ.